ರಾಲೀಗೆ ಬಂದವರ ಪಿಟೀಲಿಗೆ ಇಲ್ಲೊಂದು ಜಾಗ ಇದೆ

ನೀವು ಕೇಳಿದ್ದು ಮೂರು ಪ್ರಶ್ನೆ. ರಾಲೀಗೆ ಬಂದು ಮನೆ ಹಿಡಿದಾಯಿತು, ಆಫೀಸಿನವರೆಲ್ಲ ಕಂಟ್ರಿ ಮ್ಯೂಸಿಕ್ ಅನ್ನುತ್ತಾರೆ, ಕಾರಿನ ರೇಡಿಯೋದಲ್ಲಿ ಕೇಳಿದರೆ ಬರೀ ಟ್ರಕ್ಕು, ಬಿಯರು. ಇದರಲ್ಲಿ ಕೇಳುವಂಥದ್ದು ಏನಿದೆ? ಮೈಸೂರಿನಲ್ಲಿ ಜೂನಿಯರ್ ಪರೀಕ್ಷೆವರೆಗೆ ಕಲಿತ ಪಿಟೀಲು ಇಲ್ಲಿ ಉಪಯೋಗಕ್ಕೆ ಬಂದೀತಾ? ಹೋದರೆ ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ?

ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆರಡಕ್ಕೂ ದಾರಿ ಅಲ್ಲಿಂದಲೇ. ನೀವು ಬಂದು ಇಳಿದಿರುವುದು ನಾರ್ತ್ ಕ್ಯಾರೊಲೈನಾ. ರೇಡಿಯೋ ಕಂಟ್ರಿಯ ತಾಯಿಬೇರು ಅನ್ನಬಹುದಾದ ಓಲ್ಡ್-ಟೈಮ್ ಸಂಗೀತ ಇಂದಿಗೂ ಮನೆ, ಅಂಗಡಿ, ಮೈದಾನಗಳಲ್ಲಿ ನುಡಿಯುತ್ತಿರುವ ರಾಜ್ಯ ಇದು. ಅದರ ಮುಖ್ಯ ವಾದ್ಯ ಫಿಡಲ್, ಅಂದರೆ ನಿಮ್ಮ ಪಿಟೀಲೇ. ಎ ಕೀಯಲ್ಲಿ, ಅಂದರೆ ಪಾಶ್ಚಾತ್ಯರ ಎ ಸ್ವರವನ್ನು ಆಧಾರವಾಗಿಟ್ಟು, ನುಡಿಸುವಾಗ ಇಲ್ಲಿನ ಹಳಬರು ಅದರ ತಂತಿಗಳನ್ನು ಮಂದ್ರದ ಕಡೆಯಿಂದ ಎ, ಇ, ಎ, ಇ ಎಂದು ಶ್ರುತಿ ಮಾಡುತ್ತಾರೆ. ಎ ಅನ್ನು ಆಧಾರ ಷಡ್ಜ ಮಾಡಿಕೊಂಡರೆ ಅದು ಸ, ಪ, ಸ, ಪ. ನೀವು ಕಲಿತದ್ದು ಅದನ್ನೇ. ಇಲ್ಲಿ ಶಾಲೆಯಲ್ಲಿ ವಯಲಿನ್ ಕಲಿತು ಬಂದವರಿಗೆ ಈ ಶ್ರುತಿಯಲ್ಲಿ ಬೆರಳು ತಡವರಿಸುತ್ತದೆ, ನಿಮಗೆ ತಡವರಿಸುವುದಿಲ್ಲ.

ಆದರೆ ಊರಿಂದ ತಂದ ವಾದ್ಯವನ್ನು ಹಾಗೇ ಏರಿಸಬೇಡಿ. ಹಾಡುಗಾರರ ಶ್ರುತಿಗೆ ಇಳಿಸಿಟ್ಟು ವರ್ಷಗಟ್ಟಲೆ ನುಡಿಸಿದ ತಂತಿಯನ್ನು ಒಂದೇ ಸಲಕ್ಕೆ ಎ ಶ್ರುತಿಗೆ ಎಳೆದರೆ ತುಂಡಾಗುತ್ತದೆ, ಇಲ್ಲವೇ ತಂತಿಗಳನ್ನು ಹೊತ್ತು ನಿಂತ ಮರದ ಕುದುರೆ ಮುಂದಕ್ಕೆ ವಾಲಿ ಬೀಳುತ್ತದೆ. ಇಲ್ಲಿ ಫಿಡಲ್‌ಗೆಂದು ಮಾರುವ ಸ್ಟೀಲ್ ತಂತಿಯ ಸೆಟ್ ಹಾಕಿ. ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಒಳಗೆ ನಿಂತಿರುವ ಸಣ್ಣ ಮರದ ಕಂಬ, ಸೌಂಡ್ ಪೋಸ್ಟ್, ಬಿದ್ದುಹೋಗಬಹುದು. ಮೊದಲು ಮಾಮೂಲಿ ಜಿ, ಡಿ, ಎ, ಇ ಶ್ರುತಿಗೆ ತಂದು ಒಂದು ದಿನ ಬಿಡಿ. ಆಮೇಲೆ ಕೆಳಗಿನ ಎರಡು ತಂತಿಗಳನ್ನು ಮಾತ್ರ ಒಂದೊಂದು ಸ್ವರ ಏರಿಸಿ: ಜಿ ಎ ಆಗುತ್ತದೆ, ಡಿ ಇ ಆಗುತ್ತದೆ. ಪ್ರತಿ ಸಲವೂ ಕುದುರೆ ನೆಟ್ಟಗಿದೆಯೇ ಎಂದು ಪಕ್ಕದಿಂದ ನೋಡಿ. ಡಿ ಕೀಗೆ ಎ, ಡಿ, ಎ, ಇ ಅನ್ನುತ್ತಾರೆ. ಅಲ್ಲಿ ಷಡ್ಜ ಎರಡನೇ ತಂತಿಗೆ ಬಂತು. ಜಿ ಮತ್ತು ಸಿ ಕೀಗಳಿಗೆ ಮಾಮೂಲಿ ಶ್ರುತಿ.

ಚಳಿಗಾಲದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಮನೆಯ ಹೀಟರ್ ಶುರುವಾದರೆ ಒಳಗಿನ ಗಾಳಿ ಒಣಗಿ, ಮರ ಕುಗ್ಗಿ, ತಂತಿ ಬಿಗಿಯುವ ಬಿರಡೆಗಳು ತಾವಾಗಿಯೇ ಜಾರುತ್ತವೆ. ಪೆಟ್ಟಿಗೆಯಲ್ಲಿ ತೇವಾಂಶ ಅಳೆಯುವ ಸಣ್ಣ ಮೀಟರ್ ಇಡಿ. 40ರಿಂದ 50 ಶೇಕಡಾ ಇದ್ದರೆ ನೆಮ್ಮದಿ, 30ಕ್ಕಿಂತ ಇಳಿದರೆ ಮರ ಸೀಳುವ ಭಯ. ಹೀಟರಿನ ಬಿಸಿಗಾಳಿ ಬರುವ ಜಾಗದ ಹತ್ತಿರ, ಕಾರಿನ ಡಿಕ್ಕಿಯಲ್ಲಿ ವಾದ್ಯ ಇಡಬೇಡಿ.

ಬೆರಳಿಗೆ ಬರೋಣ. ಹಳೆಯ ಟ್ಯೂನುಗಳಲ್ಲಿ ಬಹುಪಾಲು ನಿಮ್ಮ ಕಿವಿಗೆ ಶಂಕರಾಭರಣದ, ಮೋಹನದ, ಹರಿಕಾಂಭೋಜಿಯ ಸ್ವರಗಳಾಗಿ ಕೇಳುತ್ತವೆ. 'ಓಲ್ಡ್ ಜೋ ಕ್ಲಾರ್ಕ್' ಹರಿಕಾಂಭೋಜಿಯ ಸ್ವರಗಳಲ್ಲೇ ಇದೆ, ಕೈಶಿಕಿ ನಿಷಾದ ಎದ್ದು ಕಾಣುತ್ತದೆ. ಸ್ವರ ಸುಲಭ, ನಡೆ ಕಷ್ಟ. ನಿಮ್ಮ ಕಮಾನು ಉದ್ದಕ್ಕೆ ಎಳೆದು ಒಂದೇ ಎಳೆತದಲ್ಲಿ ಹಲವು ಸ್ವರ ಹೇಳುವುದಕ್ಕೆ ಒಗ್ಗಿದೆ. ಇಲ್ಲಿ ಕಮಾನಿನ ನಡುಭಾಗದಲ್ಲಿ ಅಂಗೈಯಗಲ ಮಾತ್ರ ಕೆಲಸ: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ, ಎರಡು ಗಿಡ್ಡ. ಇದಕ್ಕೆ ಷಫಲ್ ಅನ್ನುತ್ತಾರೆ. ಒತ್ತು ಬೀಳುವುದು ಎರಡನೇ ಮತ್ತು ನಾಲ್ಕನೇ ಎಣಿಕೆಗೆ. ಪಕ್ಕದ ತಂತಿಯನ್ನೂ ಜೊತೆಗೆ ತಾಕಿಸುತ್ತ ಹೋಗಬೇಕು. ತಂಬೂರಿಯ ಕೆಲಸವನ್ನು ನಿಮ್ಮ ವಾದ್ಯವೇ ಮಾಡುತ್ತದೆ. ಗಮಕ ತುಂಬಿದರೆ ತಾಳ ಕುಂಟುತ್ತದೆ, ಕುಣಿಯುವವರ ಕಾಲು ತಪ್ಪುತ್ತದೆ. ಒಂದೇ ಕಡೆ ನಿಮ್ಮ ಕಿವಿ ಲಾಭಕ್ಕೆ ಬರುತ್ತದೆ. ಮೌಂಟ್ ಏರಿ ಹತ್ತಿರದ ರೌಂಡ್ ಪೀಕ್ ಕಡೆಯ ಫಿಡಲ್ ವಾದಕ ಟಾಮಿ ಜಾರೆಲ್ (1901–1985) ನುಡಿಸಿದ ಗಾಂಧಾರ ಎಷ್ಟೋ ಸಲ ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಮೇಲಿನ ಅಂತರ ಗಾಂಧಾರವೂ ಅಲ್ಲ, ನಡುವೆ ಎಲ್ಲೋ ನಿಲ್ಲುತ್ತದೆ. ಪಿಯಾನೋ ಕಿವಿಯವರು ಅದನ್ನು ಅಪಸ್ವರ ಅನ್ನುತ್ತಾರೆ. ನೀವು ಹಾಗನ್ನಲಾರಿರಿ.

ಜೊತೆಗಾರ ಬ್ಯಾಂಜೊ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸೋರೆಬುರುಡೆಯ ವಾದ್ಯಗಳಿಂದ ಬೆಳೆದದ್ದು ಅದು. ಐದನೇ ತಂತಿ ಗಿಡ್ಡ, ಕುತ್ತಿಗೆಯ ತುದಿಗೆ ಮುಟ್ಟುವ ಮೊದಲೇ ಪಕ್ಕದಲ್ಲಿ ಅದರ ಬಿರಡೆ. ಓಲ್ಡ್-ಟೈಮ್‌ನವರು ಉಗುರಿನಿಂದ ಕೆಳಮುಖವಾಗಿ ಹೊಡೆದು, ಹೆಬ್ಬೆರಳಿನಿಂದ ಆ ಗಿಡ್ಡ ತಂತಿಯನ್ನು ಮೀಟುತ್ತಾರೆ, ಇದು ಕ್ಲಾಹ್ಯಾಮರ್. ಮೂರು ಬೆರಳಿನಿಂದ ಮಳೆ ಸುರಿದಂತೆ ನುಡಿಸುವುದನ್ನು ಕೇಳಿದರೆ ಅದು ಬ್ಲೂಗ್ರಾಸ್. ಇದೇ ರಾಜ್ಯದ ಅರ್ಲ್ ಸ್ಕ್ರಗ್ಸ್ 1945ರ ಕೊನೆಗೆ ಬಿಲ್ ಮನ್ರೋ ತಂಡ ಸೇರಿದ ಮೇಲೆ ಗಟ್ಟಿಯಾದ ಶೈಲಿ ಅದು. ವ್ಯತ್ಯಾಸ ಬರೀ ಬೆರಳಿನದಲ್ಲ. ಬ್ಲೂಗ್ರಾಸ್ ಕಚೇರಿಯಿದ್ದ ಹಾಗೆ, ಒಬ್ಬೊಬ್ಬರಿಗೂ ಮೆರೆಯಲು ಸರದಿ ಬರುತ್ತದೆ. ಓಲ್ಡ್-ಟೈಮ್ ಭಜನೆಯಿದ್ದ ಹಾಗೆ, ಎಲ್ಲರೂ ಒಂದೇ ಟ್ಯೂನನ್ನು ಒಟ್ಟಿಗೆ ಹತ್ತು ಹದಿನೈದು ಸುತ್ತು ನುಡಿಸುತ್ತಾರೆ. ಹೊಸಬರು ಕಲಿಯುವುದಕ್ಕೆ ಎರಡನೆಯದೇ ಸರಿ.

ಬ್ಯಾಂಜೊ ಕೊಳ್ಳುವ ಆಸೆ ಬಂದರೆ ಹಿಂದೆ ತೆರೆದಿರುವ, ಓಪನ್ ಬ್ಯಾಕ್ ಅನ್ನುವ ಬಗೆಯದನ್ನು ನೋಡಿ. ಅಂಚೆಯಲ್ಲಿ ತರಿಸಿದರೆ ಕುದುರೆ ಬಿದ್ದುಕೊಂಡು ಬಂದಿರಬಹುದು. ಮುರಿದದ್ದಲ್ಲ, ಅದನ್ನು ಅಂಟಿಸಿಯೇ ಇರುವುದಿಲ್ಲ. ತಂತಿಯ ಒತ್ತಡದಲ್ಲೇ ಅದು ನಿಲ್ಲುವುದು. ಮೇಲಿನ ತುದಿಯಿಂದ 12ನೇ ಫ್ರೆಟ್‌ಗೆ (ವೀಣೆಯ ಮೆಟ್ಟಿನಂಥದ್ದು) ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ಬರುವಂತೆ ನಿಲ್ಲಿಸಿ. 12ನೇ ಫ್ರೆಟ್ ಒತ್ತಿದಾಗಿನ ಸ್ವರ ಬಿಡಿತಂತಿಯ ಸರಿಯಾದ ಮೇಲಿನ ಸ್ಥಾಯಿಗಿಂತ ಏರಿದ್ದರೆ ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ಇನ್ನು ಇತಿಹಾಸ. ರಾಲ್ಫ್ ಪಿಯರ್ ಅನ್ನುವ ರೆಕಾರ್ಡ್ ಕಂಪನಿಯ ಮನುಷ್ಯ 1923ರಲ್ಲಿ ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಅವರ ಧ್ವನಿಮುದ್ರಣ ಮಾಡಿದ. ಅದು ಮಾರಾಟವಾದದ್ದೇ ಕಂಪನಿಗಳಿಗೆಲ್ಲ ಹಳ್ಳಿಹಾಡಿನ ಹುಚ್ಚು ಹಿಡಿಯಿತು. 1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ಅದೇ ಪಿಯರ್, ಈಗ ವಿಕ್ಟರ್ ಕಂಪನಿಯ ಪರವಾಗಿ, ಬ್ರಿಸ್ಟಲ್ ಊರಿನಲ್ಲಿ ಸಲಕರಣೆ ಹೂಡಿದ. ಆ ಊರಿನ ಸ್ಟೇಟ್ ಸ್ಟ್ರೀಟ್ ನಡುವೆಯೇ ಟೆನೆಸಿ–ವರ್ಜೀನಿಯಾ ಗಡಿ ಹಾಯುತ್ತದೆ. ಅಲ್ಲಿ ಒಂದೇ ವಾರದಲ್ಲಿ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಕೂಡ ಮೊದಲ ಸಲ ಮೈಕಿನ ಮುಂದೆ ಹಾಡಿದರು. ರೆಕಾರ್ಡಿನ ಒಂದು ಬದಿಗೆ 50 ಡಾಲರ್ ಕೈಗೆ. ಹಾಡಿನ ಹಕ್ಕಿನಿಂದ ಬರುವ ದೊಡ್ಡ ಹಣದ ಮೇಲೆ ಪಿಯರ್ ಕಣ್ಣು. ಅದಕ್ಕೇ ಆತ 'ಹೊಸ' ಹಾಡು ತನ್ನಿ ಅನ್ನುತ್ತಿದ್ದ. ಎ.ಪಿ. ಕಾರ್ಟರ್ ಬೆಟ್ಟದೂರುಗಳಲ್ಲಿ ಅಲೆದು ಹಾಡು ಹೆಕ್ಕಿದರು. ಜೊತೆಗೆ ಹೋಗುತ್ತಿದ್ದ ಕಪ್ಪು ಗಿಟಾರಿಗ ಲೆಸ್ಲಿ ರಿಡಲ್ ಧಾಟಿಯನ್ನು ನೆನಪಿನಲ್ಲಿ ಹೊತ್ತು ತರುತ್ತಿದ್ದರು. ರೆಕಾರ್ಡಿನ ಮೇಲೆ ಬಂದದ್ದು ಕಾರ್ಟರ್ ಹೆಸರು ಮಾತ್ರ. ಹಳೆಯ ಲೇಬಲ್‌ನಲ್ಲಿ ಇರುವ ಹೆಸರೇ ಹಾಡು ಕಟ್ಟಿದವರದು ಎಂದು ನಂಬಬೇಡಿ.

ಅದೇ ಕುಟುಂಬದ ಮೇಬೆಲ್ ಕಾರ್ಟರ್ ಅವರ ಗಿಟಾರನ್ನು ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಧಾಟಿ ಹೇಳುತ್ತದೆ, ಉಳಿದ ಬೆರಳು ಸಣ್ಣ ತಂತಿಗಳನ್ನು ಸವರಿ ತಾಳ ಹಾಕುತ್ತದೆ. ಒಬ್ಬರೇ ನುಡಿಸುತ್ತಿದ್ದಾರೆ ಅಂತ ನಂಬಲು ಹೊತ್ತು ಹಿಡಿಯುತ್ತದೆ. ರಾಜರ್ಸ್ ರೈಲ್ವೆಯಲ್ಲಿ ಬ್ರೇಕ್‌ಮನ್ ಆಗಿದ್ದವರು, ಕ್ಷಯದಿಂದ 1933ರಲ್ಲಿ ತೀರಿಕೊಂಡರು. ಅವರ ಯೋಡಲಿಂಗ್ ಕೇಳಿದರೆ ಕಿಶೋರ್ ಕುಮಾರ್ ಕೇಳಿ ಬೆಳೆದ ಯಾರಿಗೂ ಹೊಸದನ್ನಿಸದು.

ಕಂಪನಿಗಳು ಬಿಳಿಯರ ಹಾಡಿಗೆ ಹಿಲ್‌ಬಿಲಿ, ಕರಿಯರ ಹಾಡಿಗೆ ರೇಸ್ ಎಂದು ಬೇರೆ ಬೇರೆ ಪಟ್ಟಿ ಮಾಡಿ ಮಾರಿದವು. ಕಂಟ್ರಿ ಅಂದರೆ ಬಿಳಿಯರದ್ದು ಅನ್ನುವ ಇಂದಿನ ನಂಬಿಕೆಗೆ ಅರ್ಧ ಕಾರಣ ಆ ಪಟ್ಟಿಗಳೇ. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮ 1925ರಲ್ಲಿ ಶುರುವಾಯಿತು. ಅದರ ಆರಂಭದ ತಾರೆಗಳಲ್ಲೊಬ್ಬರು ಹಾರ್ಮೋನಿಕಾದ ಡಿಫೋರ್ಡ್ ಬೇಲಿ, ಕಪ್ಪು ಕಲಾವಿದ. 1941ರಲ್ಲಿ ಅವರನ್ನು ಕೈಬಿಟ್ಟರು, ಕಂಟ್ರಿ ಸಂಗೀತದ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2005ರಲ್ಲಿ, ಸತ್ತು ಎಷ್ಟೋ ವರ್ಷದ ಮೇಲೆ. ಮುಂದೆ ಕಂಟ್ರಿಯ ದೊಡ್ಡ ಗಾಯಕನಾದ ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಗಿಟಾರ್ ಹೇಳಿಕೊಟ್ಟ ರೂಫಸ್ ಪೇನ್ ಕೂಡ ಕಪ್ಪು ಬೀದಿಗಾಯಕ. ನಿಮಗೆ ಹತ್ತಿರದ ಮೆಬೇನ್ ಕಡೆಯ ಫಿಡಲ್ ವಾದಕ ಜೋ ಥಾಂಪ್ಸನ್ (1918–2012) ಅವರ ಬಳಿ ಕೂತು ಕಲಿತವರೇ ಕ್ಯಾರೊಲೈನಾ ಚಾಕೊಲೇಟ್ ಡ್ರಾಪ್ಸ್ ತಂಡದ ರಿಯಾನನ್ ಗಿಡೆನ್ಸ್ ಮತ್ತು ಗೆಳೆಯರು. ಕಾರ್ಟರ್, ರಾಜರ್ಸ್, ಜಾರೆಲ್, ಥಾಂಪ್ಸನ್, ಆಮೇಲೆ ಹ್ಯಾಂಕ್: ಈ ಕ್ರಮದಲ್ಲಿ ಕೇಳಿ. ರೇಡಿಯೋದ ಹೊಸ ಹಾಡುಗಳನ್ನು ಸದ್ಯಕ್ಕೆ ಬಿಟ್ಟರೂ ನಷ್ಟವಿಲ್ಲ.

ಸೇರಿಸಿಕೊಳ್ಳುತ್ತಾರಾ? ಒಟ್ಟಿಗೆ ಕೂತು ನುಡಿಸುವ ಕೂಟಗಳಲ್ಲಿ, ಅಂದರೆ ಜ್ಯಾಮ್‌ಗಳಲ್ಲಿ, ಹೆಚ್ಚಿನವರು ವಯಸ್ಸಾದ ಬಿಳಿಯರು. ವಾದ್ಯ ತಂದವರನ್ನು ಸಾಮಾನ್ಯವಾಗಿ ಕುರ್ಚಿ ಎಳೆದು ಕೂರಿಸುತ್ತಾರೆ. ಪಾರ್ಕಿಂಗ್ ಜಾಗದಲ್ಲಿ ಒಂದೊಂದು ಗಾಡಿಯ ಮೇಲೆ ನಿಮಗೆ ಹಿಡಿಸದ ಬಾವುಟ ಕಾಣಲೂಬಹುದು, ಕಾಣುವುದಿಲ್ಲ ಅಂತ ನಾನು ಹೇಳುವುದಿಲ್ಲ. ರಾಜಕೀಯ ನೀವಾಗಿ ಎತ್ತಬೇಡಿ. ಯೇಸುವಿನ ಹಾಡು ಬಂದೇ ಬರುತ್ತದೆ. ಹಾಡದೆ ಸುಮ್ಮನೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ.

ಅವರಿಗೆ ಬೇಸರವಾಗುವುದು ನಿಮ್ಮ ಮೈಬಣ್ಣಕ್ಕಿಂತ ನಡವಳಿಕೆಗೆ. ಮೊದಲ ಸಲ ಹೊರಗಿನ ಸುತ್ತಿನಲ್ಲಿ ಕೂತು, ಧಾಟಿ ತಿಳಿಯುವ ತನಕ ಮೆಲ್ಲಗೆ ನುಡಿಸಿ. ಟ್ಯೂನಿಗೆ ಎರಡು ಭಾಗ, ಪ್ರತಿಯೊಂದೂ ಎರಡೆರಡು ಸಲ. ಮುಂದಾಳು ಫಿಡಲ್‌ನವರ ಕಾಲಿನ ಮೇಲೆ ಕಣ್ಣಿಡಿ: ಪಾದ ಎತ್ತಿದರೆ ಇದೇ ಕೊನೆಯ ಸುತ್ತು, ಮೀರಿ ಒಂದು ಸ್ವರ ಎಳೆದರೂ ನೀವೊಬ್ಬರೇ ಉಳಿಯುತ್ತೀರಿ. ಎಲ್ಲರೂ ಎ ಕೀಯಲ್ಲಿ ಗಂಟೆಗಟ್ಟಲೆ ಕೂತಿರುವಾಗ ಡಿ ಟ್ಯೂನ್ ಕೇಳಬೇಡಿ. ಬ್ಯಾಂಜೊ, ಫಿಡಲ್‌ನವರೆಲ್ಲ ಶ್ರುತಿ ಬದಲಿಸಬೇಕಾಗುತ್ತದೆ. ಶ್ರುತಿ ಮಾಡುತ್ತಿರುವಾಗ ಪಕ್ಕದಲ್ಲಿ ವರ್ಣ ಬಾರಿಸಬೇಡಿ. ಫೋನಿನಲ್ಲಿ ಮುದ್ರಿಸಿಕೊಳ್ಳುವ ಮೊದಲು ಕೇಳಿ. ನೆಲದ ಮೇಲೆ ಕೂತು ನುಡಿಸಿದರೆ ಅಡ್ಡಿಯಿಲ್ಲ, ಆದರೆ ಆಗ ಆ ಪಾದ ಕಾಣಿಸುವುದಿಲ್ಲ, ಹಾಗಾಗಿ ಕೈಯಿಲ್ಲದ ಕುರ್ಚಿಯಲ್ಲಿ ಕೂತು ಗಲ್ಲದಡಿ ಹಿಡಿಯುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ.

ಎಲ್ಲಿಗೆ ಹೋಗುವುದು? ಮೊದಲು ಮೌಂಟ್ ಏರಿ, ರಾಲೀಯಿಂದ ಎರಡೂವರೆ ಗಂಟೆಯೊಳಗಿನ ದಾರಿ. ಅಲ್ಲಿನ ಡಬ್ಲ್ಯುಪಿಎಕ್ಯೂ ಆಕಾಶವಾಣಿ 1948ರಿಂದ ಇದೇ ಸಂಗೀತ ಬಿತ್ತರಿಸುತ್ತಿದೆ, ಶನಿವಾರದ ಕಾರ್ಯಕ್ರಮವನ್ನು ಎದುರಿಗೆ ಕೂತು ಕೇಳಬಹುದು. ವರ್ಜೀನಿಯಾದ ಫ್ಲಾಯ್ಡ್ ಊರಿನ ಕಂಟ್ರಿ ಸ್ಟೋರ್‌ನಲ್ಲಿ ಶುಕ್ರವಾರ ರಾತ್ರಿ ಮರದ ನೆಲದ ಮೇಲೆ ಕುಣಿತ. ಅದೇ ರಾಜ್ಯದ ಹಿಲ್ಟನ್ಸ್‌ನಲ್ಲಿರುವ ಕಾರ್ಟರ್ ಫೋಲ್ಡ್ ಸಂಗೀತ ಸಭಾಂಗಣದಲ್ಲಿ ಶನಿವಾರ; ಅಲ್ಲಿ ಮದ್ಯವಿಲ್ಲ, ಕರೆಂಟಿನ ವಾದ್ಯವಿಲ್ಲ. ಅಲ್ಲಿಗೆ ಹೋದರೆ ಬ್ರಿಸ್ಟಲ್‌ನ ಮ್ಯೂಸಿಯಂ ಅನ್ನೂ ಅದೇ ಓಟದಲ್ಲಿ ಮುಗಿಸಿ. ಆಗಸ್ಟ್‌ನಲ್ಲಿ ವರ್ಜೀನಿಯಾದ ಗ್ಯಾಲ್ಯಾಕ್ಸ್ ಊರಿನ ಫಿಡ್ಲರ್ಸ್ ಕನ್ವೆನ್ಷನ್, 1935ರಿಂದ ನಡೆದುಬಂದದ್ದು. ವೇದಿಕೆಯ ಸ್ಪರ್ಧೆಗಿಂತ ಡೇರೆಗಳ ನಡುವಿನ ಜ್ಯಾಮ್‌ಗಳಲ್ಲೇ ಸಾರ ಇರುವುದು.

ಮಡಚುವ ಕುರ್ಚಿ, ಸ್ವಲ್ಪ ಚಿಲ್ಲರೆ ನೋಟು, ರಾತ್ರಿ ಬೆಟ್ಟದ ಚಳಿಗೊಂದು ಸ್ವೆಟರ್ ಒಯ್ಯಿರಿ. ಸಸ್ಯಾಹಾರಿಗಳಾದರೆ ಹುರುಳಿಕಾಯಿ ಪಲ್ಯ, ಬೇಯಿಸಿದ ಸೊಪ್ಪು, ಕಾಳು ಕಂಡು ಕೈಹಾಕುವ ಮೊದಲು ಹಂದಿಮಾಂಸ ಹಾಕಿದ್ದೀರಾ ಎಂದು ಕೇಳಿ. ಈ ಕಡೆ ಹಾಕುವುದೇ ಹೆಚ್ಚು. ರಸ್ತೆ ಬದಿಯಲ್ಲಿ ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ, ಅದನ್ನು ಧೈರ್ಯವಾಗಿ ಕೊಳ್ಳಿ. ಮೆಣಸಿನ ಕಾರ ಹಾಕಿದ ಕೇಜನ್ ಬಗೆಯದೂ ಸಿಗುತ್ತದೆ.