ಮೂರು ಬೆರಳಿನ ಆ ಹೆಜ್ಜೆ ಯಾವ ಡೈನೋಸಾರ್‌ದು?

ಪ್ರಶ್ನೆ: ಮ್ಯೂಸಿಯಂನಲ್ಲಿ ಜುರಾಸಿಕ್ ಕಾಲದ ಒಂದು ಕಲ್ಲು ನೋಡಿದೆ. ಅದರ ಮೇಲೆ ಮೂರು ಬೆರಳಿನ ಹೆಜ್ಜೆ. ಉದ್ದ 33 ಸೆಂ.ಮೀ., ಅಗಲ 23 ಸೆಂ.ಮೀ. ಪಕ್ಕದ ಫಲಕದಲ್ಲಿ 'ಯೂಬ್ರಾಂಟಿಸ್, ಮಾಂಸಾಹಾರಿ ಡೈನೋಸಾರ್' ಎಂದಿತ್ತು. ಆ ಹೆಸರಿನ ಡೈನೋಸಾರ್ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಇದು ಡೈಲೋಫೋಸಾರಸ್ ಹೆಜ್ಜೆಯೇ? ಬರೀ ಹೆಜ್ಜೆ ನೋಡಿ ಅದು ಮಾಂಸ ತಿನ್ನುತ್ತಿತ್ತು ಅಂತ ಹೇಗೆ ಹೇಳುತ್ತಾರೆ?

ಉತ್ತರ: ಯೂಬ್ರಾಂಟಿಸ್ ಪ್ರಾಣಿಯ ಹೆಸರಲ್ಲ, ಹೆಜ್ಜೆಯ ಹೆಸರು. ಮೂಳೆಗೆ ಒಂದು ಹೆಸರು, ಹೆಜ್ಜೆಗೆ ಬೇರೆಯೇ ಹೆಸರು ಇಡುವುದು ಪಳೆಯುಳಿಕೆ ಅಧ್ಯಯನ ಮಾಡುವ ನಮ್ಮಲ್ಲಿ ಪದ್ಧತಿ. ಹೆಜ್ಜೆ ಇಟ್ಟ ಪ್ರಾಣಿಯ ಮೂಳೆ ಆ ಹೆಜ್ಜೆಯ ಪಕ್ಕದಲ್ಲೇ ಸಿಗುವುದು ತೀರಾ ಅಪರೂಪ. ಪಾದ ಒಂದೇ ಥರ ಇದ್ದರೆ ಬೇರೆ ಬೇರೆ ಪ್ರಾಣಿಗಳ ಹೆಜ್ಜೆಯೂ ಒಂದೇ ಥರ ಕಾಣುತ್ತದೆ. ಹಾಗಾಗಿ ನಾವು ಆಕಾರಕ್ಕೆ ಹೆಸರಿಡುತ್ತೇವೆ. ಇಟ್ಟವರು ಯಾರು ಅನ್ನುವುದು ಆಮೇಲಿನ ಪ್ರಶ್ನೆ.

ಅದು ಏನು ತಿನ್ನುತ್ತಿತ್ತು ಅಂತ ಹೆಜ್ಜೆ ನೇರವಾಗಿ ಹೇಳುವುದಿಲ್ಲ. ಪಾದ ಥೆರೊಪಾಡ್ ಎಂಬ, ಎರಡು ಕಾಲಲ್ಲಿ ನಡೆಯುವ ಡೈನೋಸಾರ್ ಗುಂಪಿನದು ಎಂದಷ್ಟೇ ಹೇಳುತ್ತದೆ. ಜುರಾಸಿಕ್ ಕಾಲದಲ್ಲಿ ಆ ಗುಂಪಿನ ಹೆಚ್ಚಿನವು ಮಾಂಸಾಹಾರಿಗಳೇ. ಗುಂಪು ಗೊತ್ತಾಗುವುದು ಹೀಗೆ: ಹೆಜ್ಜೆ ಅಗಲಕ್ಕಿಂತ ಉದ್ದ ಜಾಸ್ತಿ, ನಡುಬೆರಳು ಮುಂದಕ್ಕೆ ಚಾಚಿರುತ್ತದೆ, ತುದಿಯಲ್ಲಿ ಚೂಪು ಉಗುರಿನ ಗುರುತು. ಸಸ್ಯಾಹಾರಿ ಆರ್ನಿಥೊಪಾಡ್‌ಗಳ ದೊಡ್ಡ ಹೆಜ್ಜೆಯಲ್ಲಿ ಬೆರಳು ದಪ್ಪ, ತುದಿ ಮೊಂಡು, ಹಿಮ್ಮಡಿ ಅಗಲ. ಹಲವು ಹೆಜ್ಜೆ ಸಾಲಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಥೆರೊಪಾಡ್ ಸಾಲು ಕಿರಿದು, ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ನಡೆದಂತೆ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಬೆರಳಿನ ಮೆತ್ತೆಗಳನ್ನು, ಅಂದರೆ ಬೆರಳಡಿಯ ಮೆತ್ತನೆ ಉಬ್ಬುಗಳನ್ನು. ಚೆನ್ನಾಗಿ ಮೂಡಿದ ಹೆಜ್ಜೆಯಲ್ಲಿ ಒಳಬೆರಳಿಗೆ 2, ನಡುಬೆರಳಿಗೆ 3, ಹೊರಬೆರಳಿಗೆ 4 ಉಬ್ಬು ಗುರುತು ಎಣಿಸಬಹುದು. ಹೊರಬೆರಳಿನ ಕೊನೆಯ ಮೆತ್ತೆ ಹಿಂದಕ್ಕೆ, ಹಿಮ್ಮಡಿಯವರೆಗೂ ಹೋಗಿರುತ್ತದೆ. ಒಳಬೆರಳಿನ ಹಿಂದೆ ಮಾತ್ರ ಒಂದು ಕಚ್ಚು ಬಿದ್ದಂತೆ ಖಾಲಿ. ಆ ಕಚ್ಚು ಯಾವ ಕಡೆ ಇದೆ ಎಂದು ನೋಡಿದರೆ ಎಡಗಾಲೋ ಬಲಗಾಲೋ ತಿಳಿದುಹೋಗುತ್ತದೆ. ಒಂಟಿ ಹೆಜ್ಜೆಯಿಂದ ಇಷ್ಟು ಸಿಗುವುದು ಸಣ್ಣ ಮಾತಲ್ಲ!

ಇನ್ನು ಹೆಸರು. ಅಮೆರಿಕದ ಕನೆಕ್ಟಿಕಟ್ ಕಣಿವೆಯ ಹೆಜ್ಜೆಗಳನ್ನು ಭೂವಿಜ್ಞಾನಿ ಎಡ್ವರ್ಡ್ ಹಿಚ್‌ಕಾಕ್ 1836ರಲ್ಲಿ ವಿವರಿಸಿದಾಗ ಅವು ದೈತ್ಯ ಹಕ್ಕಿಗಳವು ಎಂದರು. 'ಡೈನೋಸಾರ್' ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ಹಕ್ಕಿಗಳು ಥೆರೊಪಾಡ್ ವಂಶದವೇ ಎಂದು ಇವತ್ತು ಗೊತ್ತಿರುವಾಗ ಅವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು ಅನ್ನಿಸುತ್ತದೆ, ಅಲ್ವಾ? ಆ ಕಣಿವೆಯ ಹೆಜ್ಜೆಗಳಲ್ಲಿ ಮೂರು ಹೆಸರು ಮುಖ್ಯ. 15 ಸೆಂ.ಮೀ.ಗಿಂತ ಚಿಕ್ಕದು, ಸಪೂರ, ನಡುಬೆರಳು ಬಹಳ ಉದ್ದ ಇದ್ದರೆ ಗ್ರಲೇಟರ್. 15ರಿಂದ 25 ಸೆಂ.ಮೀ. ಆದರೆ ಆಂಕಿಸಾರಿಪಸ್. 25 ಸೆಂ.ಮೀ. ದಾಟಿ, ಬೆರಳು ದಪ್ಪ, ನಡುಬೆರಳಿನ ಚಾಚು ಕಡಿಮೆ ಇದ್ದರೆ ಯೂಬ್ರಾಂಟಿಸ್. ನಿಮ್ಮ ಹೆಜ್ಜೆಯ ಉದ್ದವನ್ನು ಅಗಲದಿಂದ ಭಾಗಿಸಿದರೆ ಸುಮಾರು 1.4. ಯೂಬ್ರಾಂಟಿಸ್‌ಗೆ ಸರಿಯಾಗಿ ಹೊಂದುತ್ತದೆ, ಫಲಕ ಸರಿಯಾಗೇ ಇದೆ. ಆದರೆ ಈ ಮೂರರ ನಡುವೆ ಗಟ್ಟಿ ಗೋಡೆ ಇಲ್ಲ. ಒಂದು ಆಕಾರ ಮೆಲ್ಲಗೆ ಇನ್ನೊಂದಕ್ಕೆ ಸರಿಯುತ್ತದೆ. ಚಿಕ್ಕ ಹೆಜ್ಜೆ ಬೇರೆ ಜಾತಿಯದೋ, ಮರಿಯದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬರೀ ಅಳತೆ ನೋಡಿ ಹೊಸ ಹೆಸರು ಇಡುವುದು ನನಗಂತೂ ಒಪ್ಪಿಗೆಯಿಲ್ಲ.

ಇದಕ್ಕೆ ದೊಡ್ಡ ಕಾರಣ ಕೆಸರು. ಮೆತ್ತನೆ ಕೆಸರಿನಲ್ಲಿ ಕಾಲು ಎತ್ತಿದ ಕೂಡಲೇ ಎರಡೂ ಬದಿಯ ಮಣ್ಣು ಕುಸಿದು, ದಪ್ಪ ಬೆರಳೂ ಸಣ್ಣ ಸೀಳಿನಂತೆ ಉಳಿಯುತ್ತದೆ. ಕಾಲಿನ ಒತ್ತಡ ಕೆಳಗಿನ ಪದರಗಳಿಗೂ ಇಳಿಯುತ್ತದೆ. ಕೋಟ್ಯಂತರ ವರ್ಷಗಳ ನಂತರ ಕಲ್ಲು ಸೀಳಿದಾಗ ನಮಗೆ ಸಿಗುವುದು ಎಷ್ಟೋ ಸಲ ಆ ಕೆಳಗಿನ ನಕಲು. ಅದರಲ್ಲಿ ಉಗುರು, ಮೆತ್ತೆ ಮಸುಕಾಗಿರುತ್ತವೆ. ಒಂದೇ ಪ್ರಾಣಿ ಒಂದೇ ನಡಿಗೆಯಲ್ಲಿ ಇಟ್ಟ ಎರಡು ಹೆಜ್ಜೆಯೂ ಬೇರೆ ಬೇರೆ ಕಾಣಬಹುದು. ಮೆತ್ತೆ ಸ್ಪಷ್ಟ ಇಲ್ಲದಿದ್ದರೆ 'ಥೆರೊಪಾಡ್ ಹೆಜ್ಜೆ' ಎಂದು ಬರೆದು ನಿಲ್ಲಿಸುವುದೇ ಪ್ರಾಮಾಣಿಕ.

ಡೈಲೋಫೋಸಾರಸ್? ಗಾತ್ರ ಹೊಂದುತ್ತದೆ. ಪಾದದ ಉದ್ದದ ಸುಮಾರು 4 ಪಟ್ಟು ಸೊಂಟದ ಎತ್ತರ ಎಂಬ ಲೆಕ್ಕ ಹಿಡಿದರೆ ನಿಮ್ಮ ಪ್ರಾಣಿಯ ಸೊಂಟ ನೆಲದಿಂದ 1.3 ಮೀಟರ್ ಮೇಲಿತ್ತು. ಆದರೆ ಡೈಲೋಫೋಸಾರಸ್ ಮೂಳೆ ಸಿಕ್ಕಿದ್ದು ಅಮೆರಿಕದ ಅರಿಜೋನಾದಲ್ಲಿ, ಯೂಬ್ರಾಂಟಿಸ್‌ಗೆ ಹೆಸರಾದ ಕನೆಕ್ಟಿಕಟ್ ಕಣಿವೆಯಲ್ಲಲ್ಲ. ಹಾಗಾಗಿ 'ಅದರಂಥದ್ದೊಂದು ಥೆರೊಪಾಡ್' ಅನ್ನಬಹುದು, ಅದಕ್ಕಿಂತ ಮುಂದೆ ಹೋಗುವುದಕ್ಕೆ ಆಧಾರವಿಲ್ಲ.

ಮತ್ತೆ ಹೋದರೆ ಮ್ಯೂಸಿಯಂನವರನ್ನು ಕೇಳಿ, ಕಲ್ಲಿನ ಬದಿಯಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ನೇರ ಬೆಳಕಿನಲ್ಲಿ ಕಾಣದ ಮೆತ್ತೆಗಳು ನೆರಳಿನಿಂದ ಎದ್ದು ಕಾಣುತ್ತವೆ. ನಡುಬೆರಳಿನಲ್ಲಿ ಮೂರೂ ಸಿಕ್ಕವಾ ಎಂದು ನನಗೆ ಬರೆದು ತಿಳಿಸಿ.