ಸೋಲಿಗರ ಜೇನು ನೇರವಾಗಿ ಕೊಂಡರೆ ತಪ್ಪಾ?

ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರಿಂದಲೇ ಜೇನು ಕೊಂಡರೆ ಕಾನೂನಿನ ತೊಂದರೆ ಇದೆಯಾ, ದುಡ್ಡು ಅವರಿಗೇ ಸೇರುತ್ತಾ ಅಂತ ಕೇಳಿದ್ದೀರಿ.

ತೊಂದರೆ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಜೇನಿನಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕನ್ನು ಅವರಿಗೇ ಕೊಟ್ಟಿದೆ. ಅಲ್ಲಿನ ಪೋಡುಗಳಿಗೆ (ಅಂದ್ರೆ ಸೋಲಿಗರ ಹಾಡಿಗಳಿಗೆ) 2011ರಲ್ಲಿ ಸಮುದಾಯ ಹಕ್ಕುಪತ್ರವೂ ಸಿಕ್ಕಿತು.

ದುಡ್ಡು ಅವರಿಗೇ ಸೇರಬೇಕಾದರೆ, ಊರವರನ್ನೇ ಕೇಳಿ ಲ್ಯಾಂಪ್ಸ್ ಸೊಸೈಟಿಯಲ್ಲೋ (ಅಂದ್ರೆ ಬುಡಕಟ್ಟು ಜನರ ಸಹಕಾರ ಸಂಘ) ಸೋಲಿಗರ ಮನೆಯಲ್ಲೋ ತಗೊಳ್ಳಿ. ರಸ್ತೆ ಬದಿಯ ಬಾಟಲಿ ನಾನಂತೂ ಮುಟ್ಟಲ್ಲ.

ಒಂದು ಮಾತು: ಹೆಜ್ಜೇನಿನ ತುಪ್ಪ ತೆಳ್ಳಗಿರುತ್ತದೆ. ಮೊದಲ ಸಲ ತಂದಾಗ ಬಾಟಲಿ ಭರ್ತಿ ತುಂಬಿಸಿ ಮುಚ್ಚಳ ಬಿಗಿ ಮಾಡಿಟ್ಟೆ. ಬೇಸಿಗೆಯಲ್ಲಿ ನೊರೆ ಉಕ್ಕಿ ಕಪಾಟೆಲ್ಲ ಅಂಟಂಟು. ಅದು ಕಲಬೆರಕೆ ಅಲ್ಲ, ನೀರಿನಂಶ ಜಾಸ್ತಿ ಅಷ್ಟೇ. ಸ್ವಲ್ಪ ಜಾಗ ಬಿಟ್ಟು ತುಂಬಿಸಿ.

ಚೌಕಾಸಿ ಮಾತ್ರ ಬೇಡ. ರಾತ್ರಿ ಹೊತ್ತು ಎತ್ತರದ ಮರ ಹತ್ತಿ, ಹೊಗೆ ಹಾಕಿ ಇಳಿಸಿದ ಜೇನು ಅದು. ಹುಳುಗಳಿಗೂ ಒಂದು ಪಾಲು ಬಿಟ್ಟೇ ಇಳಿಯುತ್ತಾರೆ.

ಹಾಗೇ ಮಲೆಮಹದೇಶ್ವರ ಬೆಟ್ಟದ ಕಡೆ ಹೋದರೆ ಲಂಟಾನ ಕುರ್ಚಿ ನೋಡಿ. ಕಾಡು ತಿನ್ನುವ ಆ ಕಳೆಯನ್ನೇ ಅಲ್ಲಿನ ಸೋಲಿಗರು ಬೇಯಿಸಿ, ಸಿಪ್ಪೆ ಸುಲಿದು ಮಾಡ್ತಾರೆ. ಥೇಟ್ ಬೆತ್ತದ ಹಾಗೇ ಇರುತ್ತದೆ.