ಮೂಳೆ ಸವೆತಕ್ಕೂ ಕ್ಯಾನ್ಸರ್‌ಗೂ ಒಟ್ಟಿಗೆ ಆಗುವ ಒಳ್ಳೆಯ ಟಾರ್ಗೆಟ್ ಯಾವುದು? ರ‍್ಯಾಂಕ್-ಎಲ್, ಸಾರ್ಕ್, ವಿಂಟ್ ಇವುಗಳಲ್ಲಿ ಪಿಎಚ್‌ಡಿಗೆ ಯಾವುದನ್ನು ತೆಗೆದುಕೊಳ್ಳಲಿ?

ಗೈಡ್ "ಟಾರ್ಗೆಟ್ ಆರಿಸಿಕೊಂಡು ಬಾ" ಅಂದಿದ್ದಾರೆ, ಅಲ್ವಾ? ಟಾರ್ಗೆಟ್ ಅಂದರೆ ಔಷಧಿ ಗುರಿಯಿಡಬೇಕಾದ ಪ್ರೋಟೀನ್ ಅಥವಾ ಸಿಗ್ನಲ್. ನನ್ನ ಗೈಡೂ ಹಾಗೇ ಅಂದಿದ್ದರು. ನಾನು ಸಾರ್ಕ್ ಆರಿಸಿಕೊಂಡೆ.

ಆಗ ಅದು ಒಂದೇ ಕಲ್ಲಿಗೆ ಎರಡು ಹಕ್ಕಿ ಅನ್ನಿಸಿತ್ತು. ಸಾರ್ಕ್ ಅಂದರೆ ಕೋಶದೊಳಗೆ ಸಿಗ್ನಲ್ ದಾಟಿಸುವ ಒಂದು ಕಿಣ್ವ, ಕೈನೇಸ್ ಅನ್ನುವ ಬಗೆಯದು. ಕ್ಯಾನ್ಸರ್ ತರುವ ಜೀನ್ ಅಂತ ಎಲ್ಲಕ್ಕಿಂತ ಮೊದಲು ಹೆಸರು ಮಾಡಿದ್ದೂ ಅದೇ. 1991ರಲ್ಲಿ ಇಲಿಗಳಲ್ಲಿ ಆ ಜೀನ್ ಕೆಡಿಸಿ ನೋಡಿದರು. ತೊಂದರೆ ಎದ್ದು ಕಂಡಿದ್ದು ಮೂಳೆಯಲ್ಲಿ. ಹಳೆ ಮೂಳೆ ಕರಗುವುದೇ ನಿಂತು ಹೋಗಿತ್ತು, ಮುಂದಿನ ಹಲ್ಲು ಹೊರಗೇ ಬಂದಿರಲಿಲ್ಲ. ಇದನ್ನು ಓದಿ ನಾನು ಹಿಗ್ಗಿ ಹೋದೆ. ಆದರೆ ಅದರ ಮುಂದಿನ ವರ್ಷದ ಪೇಪರನ್ನು ಸರಿಯಾಗಿ ಓದಲಿಲ್ಲ.

ನನ್ನ ವರ್ಷಗಳನ್ನು ತಿಂದಿದ್ದು ಅದೇ. ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಸಹಿಸಿಕೊಳ್ಳಿ.

ಮೂಳೆ ಕರಗಿಸುವ ಕೋಶ ಆಸ್ಟಿಯೋಕ್ಲಾಸ್ಟ್. ಇಲಿಯ ಮಜ್ಜೆಯ ಕೋಶಗಳನ್ನು ಪ್ಲಾಸ್ಟಿಕ್ ಪ್ಲೇಟಿಗೆ ಹಾಕಿ, ಎಂ-ಸಿಎಸ್‌ಎಫ್ ಮತ್ತು ರ‍್ಯಾಂಕ್-ಎಲ್ ಅನ್ನುವ ಸಿಗ್ನಲ್ ಪ್ರೋಟೀನ್‌ಗಳನ್ನು ಕೊಟ್ಟರೆ ಒಂದು ವಾರದೊಳಗೆ ಅವು ಒಂದಕ್ಕೊಂದು ಕೂಡಿಕೊಂಡು ದೊಡ್ಡ ದೊಡ್ಡ ಆಸ್ಟಿಯೋಕ್ಲಾಸ್ಟ್ ಆಗುತ್ತವೆ. ಟ್ರ್ಯಾಪ್ ಸ್ಟೇನ್ ಹಾಕಿದರೆ ದ್ರಾಕ್ಷಿ ಬಣ್ಣಕ್ಕೆ ತಿರುಗುತ್ತವೆ. ಮೂರು ಅಥವಾ ಹೆಚ್ಚು ನ್ಯೂಕ್ಲಿಯಸ್ ಇರುವುದನ್ನೆಲ್ಲ ಮೈಕ್ರೋಸ್ಕೋಪಿನಲ್ಲಿ ಎಣಿಸಬೇಕು. ಔಷಧಿ ಹಾಕಿದಾಗ ಎಣಿಕೆ ಇಳಿದರೆ ಔಷಧಿ ಕೆಲಸ ಮಾಡಿತು ಅಂತ ಲೆಕ್ಕ. ಎಲ್ಲರೂ ಮಾಡುವುದು ಇದನ್ನೇ, ನಾನೂ ಇದನ್ನೇ ಮಾಡಿದೆ. ಕೆಮಿಸ್ಟ್ರಿಯವರು ಮಾಡಿಕೊಟ್ಟ ಕಾಂಪೌಂಡ್ ಸಾರ್ಕನ್ನು ಚೆನ್ನಾಗಿ ತಡೆಯುತ್ತಿತ್ತು, ಪ್ರೋಟೀನ್ ಪರೀಕ್ಷಿಸುವ ಬ್ಲಾಟ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ಆಸ್ಟಿಯೋಕ್ಲಾಸ್ಟ್ ಎಣಿಕೆ ಇಳಿಯಲೇ ಇಲ್ಲ. ಡೋಸ್ ಏರಿಸಿದೆ, ರ‍್ಯಾಂಕ್-ಎಲ್‌ನ ಬ್ಯಾಚ್ ಬದಲಿಸಿದೆ, ಊಹೂಂ. ನೋಟ್‌ಬುಕ್‌ನಲ್ಲಿ "ಪರಿಣಾಮ ಇಲ್ಲ" ಅಂತ ಬರೆದು, ವಯಲ್‌ಗಳನ್ನು ಫ್ರೀಜರ್ ಹಿಂದಕ್ಕೆ ತಳ್ಳಿ, ಬೇರೆ ಕಾಂಪೌಂಡ್‌ಗಳ ಹಿಂದೆ ಬಿದ್ದೆ.

1992ರ ಆ ಪೇಪರಿನಲ್ಲಿ ಇದ್ದದ್ದೇ ಇದು: ಸಾರ್ಕ್ ಇಲ್ಲದ ಇಲಿಗಳಲ್ಲಿ ಆಸ್ಟಿಯೋಕ್ಲಾಸ್ಟ್‌ಗಳಿಗೆ ಕೊರತೆಯೇ ಇಲ್ಲ. ಆದರೆ ಮೂಳೆಗೆ ಅಂಟಿಕೊಂಡು ಆಸಿಡ್ ಬಿಡುವ ಕಡೆ ಇರಬೇಕಾದ ಸುಕ್ಕುಸುಕ್ಕಾದ ಅಂಚು ಅವುಗಳಿಗೆ ಮೂಡುವುದಿಲ್ಲ. ರಸ್ತೆ ಅಗೆಯಲು ಆಳುಗಳು ಬಂದಿದ್ದಾರೆ, ಕೈಯಲ್ಲಿ ಗುದ್ದಲಿ ಇಲ್ಲ. ನಾನು ಹಾಜರಿ ತೆಗೆದುಕೊಳ್ಳುತ್ತಾ ಕೂತಿದ್ದೆ, ಗುಂಡಿ ನೋಡಲಿಲ್ಲ. ಪ್ಲಾಸ್ಟಿಕ್ ಮೇಲೆ ಗುಂಡಿ ಬೀಳುವುದೂ ಇಲ್ಲ ಬಿಡಿ.

ಆಮೇಲೆ ಬಂದ ಜೂನಿಯರ್ ಹುಡುಗಿಯೊಬ್ಬಳು ಅದೇ ಕಾಂಪೌಂಡನ್ನು ಮೂಳೆ ಚೂರುಗಳ ಮೇಲೆ ಬೆಳೆಸಿದ ಕೋಶಗಳಿಗೆ ಹಾಕಿ ನೋಡಿದಳು. ಕೋಶಗಳನ್ನು ಉಜ್ಜಿ ತೆಗೆದು ಟೊಲುಯಿಡಿನ್ ಬ್ಲೂ ಹಾಕಿದರೆ, ಕೊರೆದ ಜಾಗವೆಲ್ಲ ನೀಲಿ ಗುಂಡಿಯಾಗಿ ಕಾಣುತ್ತದೆ. ಕಂಟ್ರೋಲ್ ಚೂರಿನ ತುಂಬಾ ಗುಂಡಿ. ನಾನು ಬಿಸಾಕಿದ್ದ ಕಾಂಪೌಂಡ್ ಹಾಕಿದ ಚೂರಿನಲ್ಲಿ ಅಲ್ಲೊಂದು ಇಲ್ಲೊಂದು. ಅಷ್ಟು ಹೊತ್ತಿಗೆ ಅದೇ ಬಗೆಯ ಮಾಲಿಕ್ಯೂಲ್ ಮೇಲೆ ಬೇರೆಯವರ ಪೇಪರ್ ಬಂದಾಗಿತ್ತು, ನನ್ನ ಫೆಲೋಶಿಪ್ಪೂ ಮುಗಿಯುತ್ತಾ ಬಂದಿತ್ತು.

ಈಗ ನಿಮ್ಮ ಪ್ರಶ್ನೆ. "ಎರಡಕ್ಕೂ ಒಟ್ಟಿಗೆ ಆಗುವ ಟಾರ್ಗೆಟ್" ಅನ್ನುವುದನ್ನೇ ನಾನು ಒಪ್ಪಲ್ಲ. ವಿಂಟ್ ನೋಡಿ, ಮೂಳೆ ಬೆಳೆಸುವ ಸಿಗ್ನಲ್ ಅದು. ಅದನ್ನು ತಡೆಯುವ ಪ್ರೋಟೀನ್ ಸ್ಕ್ಲೆರೋಸ್ಟಿನ್‌ಗೆ ಅಡ್ಡ ಹಾಕಿದರೆ ಮೂಳೆ ಬೆಳೆಯುತ್ತದೆ. ಮೂಳೆ ಸವೆತದ ಔಷಧಿ ರೊಮೊಸೊಜುಮಾಬ್ ಬಂದಿದ್ದು ಹಾಗೇ, 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ದೊಡ್ಡ ಕರುಳಿನ ಬಹುಪಾಲು ಕ್ಯಾನ್ಸರ್‌ಗಳಲ್ಲಿ ವಿಂಟ್ ಸಿಗ್ನಲ್ ಮೊದಲೇ ಮಿತಿಮೀರಿ ಓಡುತ್ತಿರುತ್ತದೆ. ಒಂದು ಕಡೆ ಏರಿಸಬೇಕು, ಇನ್ನೊಂದು ಕಡೆ ಇಳಿಸಬೇಕು. ಇನ್ನೆಲ್ಲಿಯ ಒಟ್ಟಿಗೆ?

ರ‍್ಯಾಂಕ್-ಎಲ್ ಎರಡಕ್ಕೂ ಆಯ್ತಲ್ಲ ಅಂತೀರಿ. ಹೌದು, ಅದನ್ನು ತಡೆಯುವ ಡೆನೊಸುಮಾಬ್ ಅನ್ನುವ ಆ್ಯಂಟಿಬಾಡಿಗೆ 2010ರಲ್ಲೇ ಎರಡೂ ಒಪ್ಪಿಗೆ ಸಿಕ್ಕಿತು: ಮೂಳೆ ಸವೆತಕ್ಕೆ ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ, ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ನಾಲ್ಕು ವಾರಕ್ಕೊಮ್ಮೆ 120. ಆದರೆ ಎರಡೂ ಕಡೆ ಅದು ಹೊಡೆಯುವುದು ಆಸ್ಟಿಯೋಕ್ಲಾಸ್ಟ್‌ಗೇ. ಗಡ್ಡೆಯ ಕೋಶಗಳು ಸುತ್ತಲಿನ ಮೂಳೆ ಕೋಶಗಳಿಂದ ರ‍್ಯಾಂಕ್-ಎಲ್ ಜಾಸ್ತಿ ಮಾಡಿಸುತ್ತವೆ, ಆಸ್ಟಿಯೋಕ್ಲಾಸ್ಟ್ ಮೂಳೆ ಕರಗಿಸುತ್ತದೆ, ಅದರಿಂದ ಬಿಡುಗಡೆಯಾದ ಬೆಳವಣಿಗೆ ಪ್ರೋಟೀನ್ ಟಿಜಿಎಫ್-ಬೀಟಾ ಗಡ್ಡೆಯನ್ನೇ ಇನ್ನಷ್ಟು ಕೆರಳಿಸುತ್ತದೆ. ಆ ಸುತ್ತು ತುಂಡಾದರೆ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ, ರೋಗಿಗೆ ಅದು ಸಣ್ಣ ವಿಷಯವಲ್ಲ. ಆದರೆ ಹಳೆಯ ಔಷಧಿ ಜೊಲೆಡ್ರಾನಿಕ್ ಆಸಿಡ್ ಜೊತೆ ಹೋಲಿಸಿದ ದೊಡ್ಡ ಟ್ರಯಲ್‌ಗಳಲ್ಲಿ ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ಆಯಸ್ಸೇನೂ ಹೆಚ್ಚಲಿಲ್ಲ. ಸಾರ್ಕ್ ಕಥೆಯೂ ಅದೇ. ಬೇರೆಡೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಕೀಮೋ ಔಷಧಿ ಡೊಸಿಟ್ಯಾಕ್ಸೆಲ್ ಜೊತೆ ಸಾರ್ಕ್ ತಡೆಯುವ ಡಸಾಟಿನಿಬ್ ಕೊಟ್ಟು 1500ಕ್ಕೂ ಹೆಚ್ಚು ಜನರಲ್ಲಿ ನೋಡಿದರು. 2013ರಲ್ಲಿ ಫಲಿತಾಂಶ ಬಂತು, ಆಯಸ್ಸು ಹೆಚ್ಚಲಿಲ್ಲ.

ಅದಕ್ಕೇ ಪ್ರೋಟೀನ್ ಆರಿಸುವುದು ಆಮೇಲೆ ಇರಲಿ. ಯಾವ ಕೋಶ, ಅದರ ಯಾವ ಕೆಲಸ ನಿಲ್ಲಿಸಬೇಕು, ನಿಂತಿದ್ದು ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ, ಅದನ್ನು ಬರೆದುಕೊಂಡು ಗೈಡ್ ಹತ್ತಿರ ಹೋಗಿ. ರ‍್ಯಾಂಕ್-ಎಲ್ಲೇ ಬೇಕು ಅಂತ ಮನಸ್ಸಿದ್ದರೆ ಇನ್ನೊಂದು ಬ್ಲಾಕರ್ ಹುಡುಕಬೇಡಿ, ಸುಮ್ನೆ ಗುಂಪಿನಲ್ಲಿ ಗೋವಿಂದ. ಡೆನೊಸುಮಾಬ್ ನಿಲ್ಲಿಸಿದ ಮೇಲೆ ಕೆಲವರಲ್ಲಿ ಬೆನ್ನುಮೂಳೆ ಒಂದರ ಹಿಂದೆ ಒಂದು ಮುರಿಯುತ್ತದೆ. ಆಸ್ಟಿಯೋಕ್ಲಾಸ್ಟ್‌ಗಳು ಅಷ್ಟು ಜೋರಾಗಿ ಮರಳಿ ಬರುವುದು ಯಾಕೆ ಅನ್ನುವುದು ನನ್ನ ಪ್ರಕಾರ ಇನ್ನೂ ಒಳ್ಳೆಯ ಪ್ರಶ್ನೆ.

ಯಾವುದು ಆರಿಸಿದರೂ ಮೊದಲ ವರ್ಷವೇ ಮೂಳೆ ಚೂರಿನ ಅಸ್ಸೇ ಕಲಿಯಿರಿ. ಗುಂಡಿಯನ್ನೂ ಕೋಶವನ್ನೂ ಎರಡನ್ನೂ ಎಣಿಸಿ, ಇಲ್ಲದಿದ್ದರೆ ಔಷಧಿ ಕೆಲಸ ನಿಲ್ಲಿಸಿತೋ ಕೋಶವನ್ನೇ ಕೊಂದಿತೋ ತಿಳಿಯುವುದಿಲ್ಲ. ರೆಡಿ ಚೂರುಗಳು ದುಬಾರಿ. ಮಾರ್ಕೆಟ್‌ನಿಂದ ಎಮ್ಮೆ ಕಾಲಿನ ಮೂಳೆ ತಂದು ಡೈಮಂಡ್ ಗರಗಸದಲ್ಲಿ ನೀವೇ ಕೊಯ್ದುಕೊಳ್ಳಬಹುದು. ಕೊಯ್ಯುವಾಗ ನೀರು ಬಿಡುತ್ತಲೇ ಇರಿ, ಇಲ್ಲದಿದ್ದರೆ ಸುಟ್ಟ ವಾಸನೆಗೆ ಇಡೀ ಫ್ಲೋರ್‌ನವರು ಜಗಳಕ್ಕೆ ಬರ್ತಾರೆ.